ಇತರೆ: ಸೊನ್ನೆ ಪಾಯಿಂಟ್ ನಾಲ್ಕು

ತಿಂಗಳ ಮೊದಲ ಭಾನುವಾರ, ರೂವಿಯ ಕಾರ್ಗೋ ಆಫೀಸಿನಲ್ಲಿ
ಪರದೆಯ ಮೇಲೆ ನಾನೊಂದು ಖುಬೂಸ್ ಕತ್ತರಿಸುತ್ತೇನೆ:
ನಮ್ಮ ವೆಬ್‌ಸೈಟಿಗೆ ಬಂದವರು
ಯಾವ ಬ್ರೌಸರಿನ ಬಾಗಿಲಿಂದ ಬಂದರು ಎಂದು.

ಕ್ರೋಮಿಗೆ ಅರುವತ್ತಮೂರು ಪಾಯಿಂಟ್ ಎಂಟು,
ಅರ್ಧಕ್ಕಿಂತ ಹೆಚ್ಚು ಅದೇ ತಿಂದಿತು.
ಸಫಾರಿ ಇಪ್ಪತ್ತೊಂದು ಪಾಯಿಂಟ್ ನಾಲ್ಕು,
ಕುರುಮ್ ಕಡೆಯವರು, ಕಾರಿನ ಏಸಿಯಲ್ಲಿ ಕೂತೇ ಪೆಟ್ಟಿಗೆ ಕಳಿಸುವವರು.
ಸ್ಯಾಮ್‌ಸಂಗಿನ ಸ್ವಂತದ್ದು ಒಂಬತ್ತು ಪಾಯಿಂಟ್ ಏಳು;
ಅದೊಂದು ಬ್ರೌಸರೆಂದೇ ಅವರಿಗೆ ಗೊತ್ತಿಲ್ಲ,
ಹಾಲಿನಪುಡಿ ಡಬ್ಬಿಯ ಜೊತೆ ಚಮಚ ಬಂದ ಹಾಗೆ ಬಂದದ್ದು.
ಎಡ್ಜ್ ಮೂರು ಪಾಯಿಂಟ್ ಒಂದು: ಹಗಲು ಹೊತ್ತು,
ಯಜಮಾನರ ಕಂಪ್ಯೂಟರಿನಲ್ಲಿ, ಕದ್ದು.
ಫೈರ್‌ಫಾಕ್ಸ್ ಒಂದೂವರೆ. ಅದರಲ್ಲಿ ನಮ್ಮ ಇಮ್ತಿಯಾಜನೇ ಎಷ್ಟೋ.
ಕೊನೆಗೆ ಬೂದು ಬಣ್ಣದಲ್ಲಿ, ಉಗುರಂಚಿನಷ್ಟು,
ಇತರೆ. ಸೊನ್ನೆ ಪಾಯಿಂಟ್ ನಾಲ್ಕು.

ಕೂಡಿಸಿ ನೋಡಿ, ನೂರು ಬರುವುದಿಲ್ಲ,
ಒಂದು ಚೂರು ಚಾಕುವಿಗೇ ಅಂಟಿಕೊಂಡಿದೆ.
ರಿಯಾಲಿಗೆ ಸಾವಿರ ಬೈಸಾ,
ಮೂರು ದಶಮಾಂಶದ ತನಕ ಬಿಲ್ಲು ಬರೆಯುವ ಊರಿದು.
ಬಂದುಹೋದವರ ಲೆಕ್ಕಕ್ಕೆ ಮಾತ್ರ ಒಂದೇ ದಶಮಾಂಶ.

"ಜೆಸಿಂತಾ," ಎಂದರು ಖಲ್ಫಾನ್,
ಕಾವಾ ಸಾಕೆಂದು ಬಟ್ಟಲು ಅಲ್ಲಾಡಿಸುತ್ತ,
"ಮುಂದಿನ ತಿಂಗಳೂ ಅರ್ಧ ಪರ್ಸೆಂಟಿಗೆ ಕೆಳಗಿದ್ದರೆ
ಹಳೇ ಪುಟ ಮುಚ್ಚಿಬಿಡು. ಎರಡೆರಡು ಸಾಕುವುದು ಯಾಕೆ?"
ಕೆಟ್ಟ ಮನುಷ್ಯರಲ್ಲ.
ಐದು ಬೈಸಾ ನಾಣ್ಯ ಕೊಟ್ಟರೆ ರೂವಿಯಲ್ಲಿ
ಯಾವ ಅಂಗಡಿಯವನು ಕೈ ಚಾಚುತ್ತಾನೆ ಹೇಳಿ.

ಆ ಸಂಜೆ ಲಾಗ್ ಬಿಚ್ಚಿ ಕೂತೆ.
ಇಪ್ಪತ್ತೊಂದು ಸಾವಿರ ಭೇಟಿಯಲ್ಲಿ ಇತರೆ ಎಂಬತ್ತಾರು.
ಎಂಬತ್ತಾರರಲ್ಲಿ ಎಪ್ಪತ್ತು ಒಂದೇ ಫೋನು,
ಬಟನ್ನಿನದು, ಮಾಡಿದವರೇ ಮರೆತ ಬ್ರೌಸರು.
ರಾತ್ರಿ ಹತ್ತೂವರೆಯ ಮೇಲೆ, ಕೆಲವು ದಿನ ಎರಡು ಸಲ, ಕೆಲವು ದಿನ ನಾಲ್ಕು,
ಪ್ರತಿ ಸಲವೂ ಅದೇ ಪೆಟ್ಟಿಗೆಯ ನಂಬರು.
ಇಪ್ಪತ್ತೆಂಟು ಕಿಲೋ, ಕುಷ್ಟಗಿ ತಾಲ್ಲೂಕು,
ತಲುಪಿ ಎರಡು ವರ್ಷವಾಗಿದೆ.
ತಲುಪಿದ್ದನ್ನು ಯಾರು ಹೀಗೆ ಹುಡುಕುತ್ತಾರೆ?

ನಾನೂ ತೆರೆದೆ.
ಹೊಸ ಪುಟದಲ್ಲಿ ಒಂದು ಹಸಿರು ಟಿಕ್ಕು, ಅಷ್ಟೇ.
ಹಳೆಯದರಲ್ಲಿ, ತೀರಾ ಕೆಳಗೆ, ಪೆಟ್ಟಿಗೆ ಪಡೆದವರ ರುಜು:
ಹುಲಿಗೆಮ್ಮ.

ಕನ್ನಡದಲ್ಲಿ. ಬಾಲ್‌ಪೆನ್ನು ಒತ್ತಿ ಒತ್ತಿ.
ಗಕಾರಕ್ಕೆ ಎತ್ವ ಮರೆತು ಆಮೇಲೆ ನೆತ್ತಿಗೆ ತುರುಕಿದ್ದು.
ಮಕಾರದ ಒತ್ತು ಜಾಗ ಸಾಲದೆ ಗೆರೆ ದಾಟಿ
ಡ್ರೈವರನ ಹೆಸರಿನ ಮೇಲೆ ಕಾಲಿಟ್ಟದ್ದು.
ಅದೇ ವಿಳಾಸದ ಹಿಂದಿನ ಪೆಟ್ಟಿಗೆಗಳನ್ನು ತೆಗೆದು ನೋಡಿದೆ, ಮೂರು.
ಮೂರಕ್ಕೂ ಹೆಬ್ಬೆಟ್ಟು.

ನೋಡುವವನು ಯಾರು, ಯಾವ ಕ್ಯಾಂಪು, ಲಾಗ್ ಹೇಳುವುದಿಲ್ಲ.
ಅವಳು ಹೆಂಡತಿಯೋ, ಅಕ್ಕನೋ, ಅದೂ.
ಖಲ್ಫಾನರಿಗೆ ಹೇಳಬಹುದಿತ್ತು.
"ಒಬ್ಬನಾ?" ಎಂದು ಕೇಳುತ್ತಾರೆ.
ಒಬ್ಬನೇ.

ಅರ್ಧ ಪರ್ಸೆಂಟಿಗೆ ಹತ್ತೊಂಬತ್ತು ಕಡಿಮೆ.
ಹಮ್ರಿಯಾದ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ
ನಾಲ್ಕು ರಿಯಾಲಿಗೆ ಬಟನ್ ಫೋನೊಂದು ಕೊಂಡೆ.
ಎರಡು ಶುಕ್ರವಾರ, ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು
ತೆರೆ. ಮುಚ್ಚು. ಅರ್ಧ ಗಂಟೆ ಕಾಯಿ.
ಅಷ್ಟು ಬಿಡದಿದ್ದರೆ ಯಂತ್ರ
ಅದನ್ನು ಬೇರೆ ಭೇಟಿಯೆಂದು ಒಪ್ಪುವುದಿಲ್ಲ.
ಕಳ್ಳಲೆಕ್ಕ ಅನ್ನಿ, ಪರವಾಗಿಲ್ಲ.
ಹತ್ತೊಂಬತ್ತು ಸಾಕು, ಕೈತಪ್ಪಿಗೆ ಒಂದು: ಇಪ್ಪತ್ತು.

ಬಿಸಿಲಿಗೆ ಮಸುಕಾದ ಎರಡಂಗುಲದ ಪರದೆಯಲ್ಲಿ
ಪ್ರತಿ ಸಲ ಆ ರುಜು ಮೇಲಿನಿಂದ ಕೆಳಗೆ
ಗೆರೆ ಗೆರೆಯಾಗಿ ಇಳಿಯುತ್ತದೆ,
ಮೊದಲು ಆ ತುರುಕಿದ ಎತ್ವ,
ಆಮೇಲೆ ಅಕ್ಷರ.