ಬಾಕಿ ಚಿಲ್ಲರ

ಮಾರ್ಚ್ ಕಡೇಕ ನಾವು ಹಲ್ ಊರಿಗೆ ಬಂದಿಳಿದ ವಾರಾನ
ಒಂದು ತಾಸು ಕಳುವಾತು.
ಐತವಾರ ಎದ್ದು ನೋಡಿದರ
ಫೋನಿನ್ಯಾಗ ಎಂಟು, ಗ್ವಾಡಿ ಗಡಿಯಾರದಾಗ ಏಳು.
ಸೆಲ್ ಮುಗದಿರಬೇಕಂತ ಬದಲಿ ಮಾಡಿದೆ. ಮತ್ತೂ ಏಳು.
ಬಾಜೂ ಮನಿ ಮೌರೀನ್ ಹಿತ್ತಲ ಬೇಲಿ ಮ್ಯಾಲಿಂದ ಬಾಗಿ ಅಂದ್ಳು:
ಹೆದರಬ್ಯಾಡ, ಸರಕಾರ ತಗೊಂಡೈತಿ,
ಅಕ್ಟೋಬರಿನ್ಯಾಗ ವಾಪಸ್ ಕೊಡ್ತೈತಿ.

ಹನ್ನೊಂದು ವರ್ಷ ಗದಗ ಡಿಪೋದಾಗ ಕಂಡಕ್ಟರಾಗಿದ್ದಾಂವ ನಾನು.
ತಿಕೀಟಿನ ಹಿಂದ ಎಷ್ಟು ಮಂದೀದು ಬಾಕಿ ಬರದೇನಿ,
ಏಳು ರೂಪಾಯಿ, ಎರಡು ರೂಪಾಯಿ,
ಇಳಿಯೋವಾಗ ಇಸ್ಕೋರಿ ಅಂದೇನಿ.
ಖರೇ ಹೇಳಬೇಕಂದ್ರ
ಮರತು ಇಳದವರ ಚಿಲ್ಲರ ನನ್ನ ಚೀಲದಾಗ ಉಳದೈತಿ.
ಅದಕ್ಕ ಮೌರೀನ್ ಮಾತು ನಂಬಲಿಲ್ಲ.

ಇಲ್ಲಿ ಬಸ್ಸಿಗೆ ಕಂಡಕ್ಟರ್ ಇಲ್ಲ.
ಕಾರ್ಡ್ ಮುಟ್ಟಿಸಿದರ ಮಷೀನು ಕುಂಯ್ ಅಂತೈತಿ, ಅಷ್ಟ.
ಇಳಿಯೋವಾಗ ಎಲ್ಲಾರೂ ಥ್ಯಾಂಕ್ಸ್ ಅಂತಾರ ಡ್ರೈವರಿಗೆ.
ಮೊದಲನೇ ದಿನ ನನಗ ಅಂದ್ರೇನೋ ಅಂತ
ಕೈ ಎತ್ತಿಬಿಟ್ಟಿದ್ದೆ.

ದಯಾಮಣಿ ಆಸ್ಪತ್ರ್ಯಾಗ ನರ್ಸು. ವೀಸಾ ಆಕೀದು.
ನನ್ನ ಹೆಸರಿನ ಮುಂದ ಡಿಪೆಂಡೆಂಟ್ ಅಂತ ಬರದಿತ್ತು.
ಹಂಗಂದ್ರೇನಪಾ, ಅಂದ್ಳು ಸುಕೃಪಾ.
ಫುಟ್‌ಬೋರ್ಡಿನ ಮ್ಯಾಲೆ ಒಂದ ಕಾಲಿಟ್ಟು
ರಾಡ್ ಹಿಡಕೊಂಡಾಂವ, ಅಂದೆ.
ಮಗಳು ನಕ್ಕಳು. ಫುಟ್‌ಬೋರ್ಡು ಆಕಿಗೆ ಈಗ ನೆನಪಿಲ್ಲ.

ನೀಲಿ ಡಬ್ಬಿ ಯಾವತ್ತು, ಕಂದು ಡಬ್ಬಿ ಯಾವತ್ತು
ಸ್ಟಾಪಿನ ಹೆಸರಿನಂಗ ಬಾಯಿಪಾಠ ಮಾಡಿದೆ.
ಕರೆಂಟಿಗೆ ಒಂದು ಕೀಲಿ, ಅಂಗಡಿಗೆ ಒಯ್ದು ರೊಕ್ಕ ತುಂಬಿಸಬೇಕು:
ಇಲ್ಲಿ ಬೆಳಕು ಸುದ್ದಾ
ತಿಕೀಟು ತಗದ ಮ್ಯಾಲ ಹತ್ತತೈತಿ.

ಅಕ್ಟೋಬರ್ ಕಡೇ ಶನಿವಾರ ದಯಾಮಣೀದು ನೈಟ್ ಡ್ಯೂಟಿ.
ಮಗಳನ್ನ ಮಲಗಿಸಿ
ಅಡಿಗಿಮನ್ಯಾಗ ಫೋನ್ ಮುಂದಿಟ್ಕೊಂಡು ಕುಂತೆ,
ಕೊಡ್ತಾರೋ ಇಲ್ಲೋ ನೋಡೇಬಿಡೂಣು ಅಂತ.
ಒಂದು ಐವತ್ತೆಂಟು.
ಒಂದು ಐವತ್ತೊಂಬತ್ತು.
ಒಂದು.
ಯಾರೂ ಸೀಟಿ ಊದಲಿಲ್ಲ.
ಓಣಿಗೆ ಓಣೀನ ಮಲಗಿತ್ತು,
ಸಪ್ಪಳಾಗಧಂಗ ಎಣಿಸಿ ಮೇಜಿನ ಮ್ಯಾಲಿಟ್ಟು ಹೋತು ಸರಕಾರ
ಅರವತ್ತು ಮಿನಿಟು. ಒಂದೂ ಕಡಿಮಿಲ್ಲ.

ಏನು ಮಾಡಬೇಕು ಇದನ್ನ?
ಮಗಳ ಸ್ವೆಟರಿಗೆ ಬಿಚ್ಚಿದ ಹೆಸರಪಟ್ಟಿ ಹೊಲದೆ.
ಇನ್ನೂ ನಾಕ್ವತ್ತು ಮಿನಿಟು ಉಳದಿದ್ದವು.
ಮಲಿಕಜಾನಗ ಫೋನ್ ಹಚ್ಚಿದೆ, ನನ್ನ ಹಳೇ ಡ್ರೈವರ್ರು.
ಅಲ್ಲೆ ಏಳಾಗಾಕ ಬಂದಿತ್ತು, ಗಾಡಿ ಬಿಡೋ ಹೊತ್ತು.
ನಾಕೂವರಿ ತಾಸಿನ ಅಂತರ ಅಂದಿದ್ದೆಲ್ಲೋ, ಅಂದ.
ಇವತ್ತಿಂದ ಐದೂವರಿ, ಅಂದೆ.
ಹಂಗಾರ ಇನ್ನೊಂದು ಸ್ಟಾಪ್ ಮುಂದ ಹೋದಿ ಅನ್ನು.
ಹಿಂದಿಂದ ಹೊಸಾ ಹುಡುಗನ ಸೀಟಿ, ರೈಟ್ ಅನ್ನೋದು.
ಮೇಜಿನ ಕೆಳಗ ನನ್ನ ಕಾಲು
ತಾನ ಗಟ್ಟಿ ಊರಿಕೊಂಡಿತು, ಗಾಡಿ ಜಗ್ಗಿದರ ಬೀಳಬಾರದಂತ.

ಬೆಳಿಗ್ಗೆ ದಯಾಮಣಿ ಬಂದು ಬೂಟಿನ ಸಮೇತ ಕುಂತಳು.
ಸಿಕ್ಕಿತು, ಅಂದೆ, ನಮ್ಮ ತಾಸು.
ನಿನಗ ಸಿಕ್ಕಿತು, ಅಂದ್ಳು. ನಾ ದುಡದೆ.
ಹನ್ನೆರಡು ತಾಸಿಂದು ಹದಿಮೂರಾತು.
ಒಂಬತ್ತನೇ ಬೆಡ್ಡಿನ ಅಜ್ಜ
ಮೊದಲನೇ ಒಂದೂವರಿಗೆ ನೀರು ಕೇಳಿದ,
ಎರಡನೇ ಒಂದೂವರಿಗೆ ಹೋದ.
ಚಾರ್ಟಿನ್ಯಾಗ ಎರಡೂ ಒಂದ ಟೈಮಿಗೆ ಕುಂತಾವ.

ನಾನು ಬೂಟಿನ ದಾರ ಬಿಚ್ಚಿದೆ.
ಆಕಿ ಕಿಸೇದಾಗಿದ್ದ ಯಾವುದೋ ಚೀಟಿ ತಗದು
ಹಿಂದ ಬರದೆ: ಬಾಕಿ, ಒಂದು ತಾಸು.
ಕೆಳಗ ಗೀಟು ಎಳದೆ, ರೂಢಿ.
ಮರೀದ ಇಸ್ಕೋ, ಅಂದೆ.
ಅಷ್ಟೊತ್ತಿಗೆ ಆಕಿಗೆ
ಕುಂತಲ್ಲೇ ನಿದ್ದಿ ಹತ್ತಿತ್ತು.