ಏಳನೇ ತೊಟ್ಟಿಯ ಚೀಟಿ

ಫಯಾಜ್ ಸಾಹೇಬರ ಫಿಲೇಚರಿಗೆ ಚೀನಾದ ಮೆಷಿನ್ನು ಬಂತು.
ಎರಡು ವಾರ ತಡವಾಗಿ, ಅದನ್ನು ಕೂರಿಸಲು, ಷೆನ್ ಬಂದ.
ಮುನೀರಾ, ನೀನು ಬಿ.ಎ. ಮಾಡಿದವಳು,
ಲೆಕ್ಕ ಬರೆದಾದ ಮೇಲೆ ಅರ್ಧ ಗಂಟೆ
ಇವನಿಗೆ ಇಂಗ್ಲಿಷ್ ಹೇಳಿಕೊಡು, ಅಂದರು.
ಮೆಷಿನ್ನಿಗೆ ಏನು ನೋವೋ ನಮಗೂ ಗೊತ್ತಾಗಲಿ.

ಮೊದಲ ಸಂಜೆಯೇ ಅವನು: ಐ ಲೀವ್ ಶಿಡ್ಲಘಟ್ಟ.
ನಿನ್ನೆ ಬಂದವನು, ಇವತ್ತೇ ಹೊರಟೆಯಾ?
ಇಲ್ಲ, ಇಲ್ಲೇ ಇರುತ್ತೇನೆ ಅನ್ನಲು ಹೋಗಿದ್ದ.
ಇರುವುದಕ್ಕೂ ಹೊರಡುವುದಕ್ಕೂ ನಡುವೆ
ಇದ್ದದ್ದು ಬರೀ ಒಂದು ದೀರ್ಘ.
ಲಿವ್. ಲೀವ್. ತುಟಿ ಅಷ್ಟು ಎಳೆಯಬೇಡ, ಸಡಿಲ ಬಿಡು.

ಸೊಪ್ಪಿನ ಹೊರೆ ಹೇರಿಕೊಂಡು ಟಿವಿಎಸ್ ಒಂದು ಹೋಯಿತು,
ಹಿಪ್ಪುನೇರಳೆಯೊಳಗಿಂದ ಮನುಷ್ಯನ ಬರೀ ಚಪ್ಪಲಿ ಕಾಣುತ್ತಿತ್ತು.
ಲೀವ್ಸ್, ಅಂದ ಷೆನ್, ಬೆರಳು ತೋರಿಸಿ.
ಸರಿ. ಅವನು ಹೊರಟ ಅನ್ನುವುದಕ್ಕೂ ಲೀವ್ಸ್, ಅಂದೆ.
ಪೆನ್ನು ಕೆಳಗಿಟ್ಟು ನೀರು ಕುಡಿದ.

ಲೆಫ್ಟ್ ಅಂದರೆ ಎಡಗೈ. ಹೊರಟು ಹೋದದ್ದು. ಮಿಕ್ಕಿದ್ದೂ.
ಹತ್ತು ಬೋಲ್ಟ್ ಲೆಫ್ಟ್ ಅಂದರೆ
ಹತ್ತು ಹೋದವೋ ಹತ್ತು ಉಳಿದವೋ?
ಉಳಿದವು. ಹೋದವನು ಮಾತ್ರ ಹೋದ.

ಅವನ ನೋಟ್‌ಬುಕ್ಕಿನಲ್ಲಿ ಎರಡು ಅಕ್ಷರ ಬರೆದು ತೋರಿಸಿದ.
ಒಂದರ ಹೆಸರು ಲೀ: ಒಂದು ಜಾಗದಿಂದ ದೂರವಾಗು.
ಇನ್ನೊಂದು ಲಿಯು: ಇರು, ಉಳಿ, ಉಳಿಸಿ ಹೋಗು.
ಅದರ ಬುಡದಲ್ಲಿ ನಾಲ್ಕು ಮಡಿಯ ಪುಟ್ಟ ಹೊಲ.
ನಮ್ಮಲ್ಲಿ ಇವೆರಡು ಬೇರೆ, ಅಂತ ಕೈಯಲ್ಲೇ ಹೇಳಿದ,
ನಿಮ್ಮ ಇಂಗ್ಲಿಷು ಯಾಕೆ ಎರಡನ್ನೂ ಒಂದೇ ನೀರಿಗೆ ಹಾಕಿ ಬೇಯಿಸಿದೆ?

ಐ ಲೆಫ್ಟ್ ಮೈ ಡಾಟರ್. ಚುಕ್ಕಿ.
ಚುಕ್ಕಿ ಅಲ್ಲಿ ಬೇಡ ಮಾರಾಯ, ತುಂಬಾ ಕೆಟ್ಟ ಮಾತಾಗುತ್ತೆ.
ಎಲ್ಲಿ ಬಿಟ್ಟೆ, ಯಾರ ಹತ್ತಿರ, ಅದನ್ನೂ ಸೇರಿಸು.
ವಿತ್ ಮೈ ಮದರ್, ಅಂತ ಬರೆದ. ಸ್ವಲ್ಪ ಹೊತ್ತು ನೋಡಿದ.
ಚುಕ್ಕಿಯನ್ನು ಮುಂದಕ್ಕೆ ತಳ್ಳಿ ದಪ್ಪ ಮಾಡಿದ.

ನಿಮ್ಮ ಭಾಷೆಯಲ್ಲಿ?
ಬಿಡು, ಅಂದೆ.
ಮಳೆ ಬಿಡುತ್ತೆ, ಚಿಂತಾಮಣಿ ಬಸ್ಸು ಬಿಡುತ್ತೆ,
ಕಡ್ಡಿ ಕತ್ತರಿಸಿದ ಹದಿನೈದು ದಿನಕ್ಕೆ ಗಿಡ ಚಿಗುರು ಬಿಡುತ್ತೆ,
ಹುಳ ತಲೆ ಆಡಿಸಿ ಆಡಿಸಿ ನೂಲು ಬಿಡುತ್ತೆ.
ಅಷ್ಟು ಬಿಟ್ಟ ಮೇಲೂ ಗೂಡು ಬಿಟ್ಟು ಹೋಗಲು ಮಾತ್ರ
ನಾವು ಬಿಡುವುದಿಲ್ಲ.
ಚಿಟ್ಟೆ ತೂತು ಕೊರೆದು ಹೋದ ಗೂಡಿಗೆ ಹರಾಜಿನಲ್ಲಿ ಕೂಗುವವರಿಲ್ಲ,
ಅದಕ್ಕೇ ಈ ಕುದಿನೀರು, ಈ ನಾತ.

ಒಂದನ್ನು ಅವನಿಗೆ ಹೇಳಲಿಲ್ಲ.
ಗಂಡ ಬಿಟ್ಟವಳು ಅನ್ನುತ್ತಾರೆ ನನ್ನನ್ನು, ನಲ್ಲಿಯ ಹತ್ತಿರ.
ಯಾರು ಯಾರನ್ನು ಬಿಟ್ಟರು?
ಕನ್ನಡ ಅಷ್ಟರ ಮಟ್ಟಿಗೆ ಬಾಯಿ ಬಿಡುವುದಿಲ್ಲ.
ಇಂಗ್ಲಿಷಿನಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗದು,
ಮಾಡಿದವರು ಮೊದಲು ಬಂದು ನಿಲ್ಲಬೇಕು.
ಮಾದರಿ ವಾಕ್ಯ ಅಂತ ಬೋರ್ಡಿನ ಮೇಲೆ ಬರೆದೆ:
ಶೀ ಲೆಫ್ಟ್ ಹಿಮ್.
ಐದು ಸಲ ಕಾಪಿ ಮಾಡಿದ. ಯಾರು ಅಂತ ಕೇಳಲಿಲ್ಲ.
ಬೋರ್ಡು ಒರೆಸುವ ಬಟ್ಟೆಯನ್ನು ಮಾತ್ರ
ತಾನೇ ತೊಳೆದು ಹಿಂಡಿ ಕಿಟಕಿಗೆ ಹಾಕಿದ.

ಮಂಗಳವಾರ ಹೇಳಿದ: ಟುಮಾರೊ ಐ ಲೀವ್ ಶಿಡ್ಲಘಟ್ಟ.
ದೀರ್ಘ ಸರಿಯಾಗಿತ್ತು.

ಈಗ ಏಳನೇ ತೊಟ್ಟಿಯ ತಿರುಪಿನ ಮೇಲೆ ಒಂದು ಚೀಟಿ ಇದೆ,
ಆವಿಗೆ ಅರ್ಧ ಅಂಟು ಬಿಟ್ಟಿದೆ:
ಲೀವ್ ಇಟ್ ಅಲೋನ್.
ಸಾಹೇಬರು ಕನ್ನಡಕ ಏರಿಸಿ ಕೇಳಿದರು,
ಯಾರನ್ನಮ್ಮಾ ಒಂಟಿಯಾಗಿ ಬಿಡಬೇಕಂತೆ, ಪಾಪ?
ಹಾಗಲ್ಲ ಸಾಹೇಬರೆ, ಅಂದೆ.
ಯಾರೂ ಕೈ ಹಾಕಬೇಡಿ ಅಂತ.
ಅದು ಅದರ ಪಾಡಿಗೆ ಚೆನ್ನಾಗಿ ತಿರುಗುತ್ತಿದೆ ಅಂತ.