ಮೊದಲ ಭೇಟಿ

ಡುಲೂತ್. ಆಸ್ಪತ್ರೆಯ ನೆಲಮಾಳಿಗೆ, ಹೀಟರಿನ ಗೊರಕೆ.
ಲೊರೀನ್ ಸ್ಟೆನ್ಸನ್, ಐವತ್ತೆರಡು.
ಸೊಂಟದ ಹಿಂದೆ, ಎಡಕ್ಕೆ, ಚುಚ್ಚುಗಾಯ.
ಒಳಗೇನೂ ಉಳಿದಿಲ್ಲ, ಆಳಕ್ಕಿಳಿದಿಲ್ಲ.
ಎಸ್ ಮೂವತ್ತೊಂದು, ಚುಕ್ಕಿ, ಸೊನ್ನೆ ಮೂರು ಸೊನ್ನೆ,
ಕೊನೆಗೊಂದು ಅಕ್ಷರ, ಎ: ಮೊದಲ ಭೇಟಿ.

ಡಾಕ್ಟರು ಬರೆದದ್ದು:
ಜಾರಿ ಬಿದ್ದಳು, ಮಂಜುಗಡ್ಡೆ ಒಡೆಯುವ ಉಳಿಯ ಮೇಲೆ.
ನರ್ಸಿನದು ಒಂದೇ ಸಾಲು:
ಉತ್ತರವೆಲ್ಲ ಗಂಡನದೇ.

ನಾನು ಊಹಿಸುವ ಹಾಗಿಲ್ಲ;
ಊಹೆಗೆ ಕೋಡಿಲ್ಲ.

ಹಳೆಯ ಪುಟ ತೆರೆದೆ.
ಮಾರ್ಚಿನಲ್ಲಿ ತೋಟದ ಕುಂಟೆ. ಎ.
ಆಗಸ್ಟಿನಲ್ಲಿ ಬೇಲಿಯ ಮೊಳೆ. ಎ.
ಹೊಸ ತೂತಿಗೆ ಪ್ರತಿಸಲವೂ ಮೊದಲ ಭೇಟಿಯೇ,
ನಿಯಮ ಸರಿಯಾಗೇ ಇದೆ.

ಡಾಕ್ಟರಿಗೆ ಪ್ರಶ್ನೆ ಕಳಿಸಿದೆ:
ಕಾರಣ ಸ್ಪಷ್ಟಪಡಿಸುವಿರಾ?
ಉತ್ತರಕ್ಕೆ ಏಳು ದಿನದ ಗಡುವು.

ಲೊರೀನ್ ಒಂಬತ್ತಕ್ಕೇ ಡಿಸ್ಚಾರ್ಜ್.
ಕರೆದೊಯ್ದವರು: ಗಂಡ.